ಆಣೆಯೋ, ಆಸ್ಪತ್ರೆಯೋ?



ಅಡಿಕೆ ಧಾರಣೆಯ ಬಗ್ಗೆ, ಸೊಸೈಟಿಯ ವಾಯಿದೆಯ ಬಗ್ಗೆ, ಮಂಡಿಯವರ ಮುಂಗಡದ ಬಗ್ಗೆ ತಿಂಗಳು ತಿಂಗಳೂ ಬರೀತೇವೆ. ಈ ಸಲ ಬರೆಯಬೇಕಾಗಿರೋದು ಸಾಲದ ಪಟ್ಟಿಯಲ್ಲಿ ಯಾರೂ ಬರೆಸದ ಒಂದು ಬಾಬತ್ತಿನ ಬಗ್ಗೆ. ಸಾಲ ಎಂತಕ್ಕೆ ಆಯ್ತು ಅಂತ ಕೇಳಿದರೆ ಮಗಳ ಮದುವೆ ಅಂತೇವೆ, ಕೊಳೆರೋಗ ಅಂತೇವೆ, ಎಲೆಚುಕ್ಕಿ ಅಂತೇವೆ. ಎಲ್ಲ ನಿಜ. ಆದರೆ ದಿನಕ್ಕೆ 200 ರೂಪಾಯಿ ಕುಡಿತಕ್ಕೆ ಹೋಗುವ ಮನೆಯಲ್ಲಿ ವರ್ಷಕ್ಕೆ 73,000 ರೂಪಾಯಿ ಹೋಗ್ತದೆ. ಅದು ಯಾರ ಲೆಕ್ಕದ ಪುಸ್ತಕದಲ್ಲೂ ಇಲ್ಲ. ಸೊಸೈಟಿಯ ಬಡ್ಡಿಯಿಲ್ಲದ ಸಾಲ ವಾಯಿದೆ ಮೀರಿ ಬಡ್ಡಿ ಬಿದ್ದದ್ದು ಯಾವ ಬಾಟಲಿಯ ದೆಸೆಯಿಂದ ಅಂತ ಮನೆಯ ಹೆಂಗಸರಿಗೆ ಮಾತ್ರ ಗೊತ್ತು.

ಕುಡಿಯೋದು ಸರಿಯೋ ತಪ್ಪೋ ಎಂಬ ಭಾಷಣ ಇದಲ್ಲ. ಆ ಭಾಷಣ ಕೇಳಿ ಕೇಳಿ ಎಲ್ಲರ ಕಿವಿ ತೂತಾಗಿದೆ. ಬಿಡಬೇಕು ಅಂತ ಮನಸ್ಸು ಮಾಡಿದವನು ನಮ್ಮ ಊರುಗಳಲ್ಲಿ ಬೇಕಾದಷ್ಟು ಜನ ಇದಾರೆ. ಅವನು ಮನೆಯಲ್ಲೇ ಹಠ ಹಿಡಿದು ಬಿಡಬೇಕೋ, ಡಾಕ್ಟರ ಹತ್ತಿರ ಹೋಗಬೇಕೋ ಎಂಬುದನ್ನು ಹೇಳೋರು ಇಲ್ಲ. ಅದನ್ನು ಸ್ವಲ್ಪ ವಿಚಾರ ಮಾಡೋಣ.

ಹುಲಿಕಲ್ ಕಡೆಯ ಒಂದು ಮನೆ. ನಮಗೆ ದೂರದ ಸಂಬಂಧ, ಹೆಸರು ಬೇಡ. ಒಂದೂವರೆ ಎಕರೆ ತೋಟ, ಮೇಲೊಂದಿಷ್ಟು ಗದ್ದೆ. ಯಜಮಾನ ಕುಡಿಯುತ್ತಿದ್ದ. ಜಗಳಗಂಟನಲ್ಲ, ಬೀದಿಯಲ್ಲಿ ಬಿದ್ದವನೂ ಅಲ್ಲ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಎರಡು ಗುಟುಕು ಹೋಗದಿದ್ದರೆ ಕಾಫಿ ಲೋಟ ಹಿಡಿಯಲು ಕೈ ಬರುತ್ತಿರಲಿಲ್ಲ. ಮಗಳ ಸಂಬಂಧ ತಪ್ಪಿಹೋದ ಮೇಲೆ ಒಂದು ಆಷಾಢದಲ್ಲಿ ಘಾಟಿಯ ಚಂಡಿಕಾಂಬೆಯ ಎದುರು ನಿಂತು ‘ಇನ್ನು ಮುಟ್ಟೋದಿಲ್ಲ’ ಅಂತ ಆಣೆ ಇಟ್ಟ. ಆಣೆ ಸುಳ್ಳಾಗಿರಲಿಲ್ಲ. ಮೊದಲ ದಿನ ಬೆವರು, ನಡುಕ, ವಾಂತಿ. ‘ತಡಕೋ, ಗಂಡಸಲ್ಲವಾ’ ಅಂದರು. ಎರಡನೇ ರಾತ್ರಿ ಫಿಟ್ಸ್ ಬಂತು. ಮೂರನೇ ರಾತ್ರಿ ಗೋಡೆಯ ಮೇಲೆ ಇಲ್ಲದ ಹುಳ ಆರಿಸುತ್ತಾ, ತೀರಿಹೋದ ಅಪ್ಪನ ಹತ್ತಿರ ಗೊಬ್ಬರದ ಲೆಕ್ಕ ಮಾತಾಡುತ್ತಾ ಕೂತ. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದರು. ಹುಲಿಕಲ್ಲಿನ ಆಷಾಢದ ಮಳೆ ಹೇಗಿರುತ್ತದೆ ಅಂತ ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಮರ ಬಿದ್ದ ರಸ್ತೆಯಲ್ಲಿ ಜೀಪು ಹಾಕಿಕೊಂಡು ಆಸ್ಪತ್ರೆ ಮುಟ್ಟಿಸುವಷ್ಟರಲ್ಲಿ ಬೆಳಗಾಗಿತ್ತು. ಅವನು ಬದುಕಿದ. ಆದರೆ ಊರು ಕಲಿತ ಪಾಠ ಏನು ಗೊತ್ತಾ? ‘ನೋಡಿ, ಬಿಟ್ಟದ್ದಕ್ಕೇ ಹೀಗಾಯ್ತು.’ ಎರಡು ತಿಂಗಳಲ್ಲಿ ಅವನೂ ಅದನ್ನೇ ಹೇಳುತ್ತಾ ಮತ್ತೆ ಶುರು ಮಾಡಿದ.

ಬಿಟ್ಟದ್ದಕ್ಕೇ ಆದದ್ದು ಹೌದು. ಆದರೆ ಬಿಟ್ಟದ್ದು ತಪ್ಪಲ್ಲ, ಬಿಟ್ಟ ರೀತಿ ತಪ್ಪು. ಬಾಳೆಬರೆ ಘಾಟಿ ಇಳಿಯುವ ಲಾರಿಯನ್ನು ನೆನೆಸಿಕೊಳ್ಳಿ. ಮದ್ಯ ಅಂದರೆ ಮಿದುಳಿನ ನರಗಳ ಮೇಲೆ ಒತ್ತಿ ಹಿಡಿದ ಬ್ರೇಕು. ವರ್ಷಾನುಗಟ್ಟಲೆ ದಿನಾ ಬ್ರೇಕು ಒತ್ತಿದರೆ ಮಿದುಳು ಸುಮ್ಮನಿರೋದಿಲ್ಲ. ಗಾಡಿ ನಿಲ್ಲದಿರಲಿ ಅಂತ ಅದು ಎಕ್ಸಲೇಟರನ್ನು ಹೆಚ್ಚು ಹೆಚ್ಚು ಒತ್ತಿ ಸರಿದೂಗಿಸಿಕೊಳ್ಳುತ್ತದೆ. ಒಂದು ದಿನ ನೀವು ಫಕ್ಕನೆ ಬ್ರೇಕು ಬಿಟ್ಟುಬಿಟ್ಟರೆ? ಒತ್ತಿದ ಎಕ್ಸಲೇಟರು ಹಾಗೇ ಇರುತ್ತದೆ. ಗಾಡಿ ತಿರುವು ನೋಡುವುದಿಲ್ಲ. ಕೊನೆಯ ಗುಟುಕು ಇಳಿದ ಆರೆಂಟು ಗಂಟೆಗೆ ನಡುಕ, ಬೆವರು ಸುರುವಾಗುತ್ತದೆ. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ದಿನದೊಳಗೆ. ಇಲ್ಲದ್ದು ಕಾಣುವುದು, ಊರು ದಿಕ್ಕು ತಿಳಿಯದೆ ಬಡಬಡಿಸುವುದು, ಜ್ವರ, ಎದೆಬಡಿತ ಇವೆಲ್ಲ ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ. ಚಿಕಿತ್ಸೆ ಇಲ್ಲದಿದ್ದರೆ ಇದರಲ್ಲಿ ಜನ ಸಾಯ್ತಾರೆ. ಇದು ಮನಸ್ಸಿನ ದೌರ್ಬಲ್ಯವೂ ಅಲ್ಲ, ಗಾಳಿಯೂ ಅಲ್ಲ, ದೇವಿಯ ಮುನಿಸೂ ಅಲ್ಲ.

ಇದಕ್ಕೆ ಸಾಕ್ಷಿ ಬೇಕಾದರೆ 2020ನೇ ಇಸವಿಯನ್ನು ನೆನೆಯಿರಿ. ಕೊರೋನಾ ಲಾಕ್‌ಡೌನಿನಲ್ಲಿ ಮಾರ್ಚ್ ಕೊನೆಯಿಂದ ಮೇ 4ರ ವರೆಗೆ ರಾಜ್ಯದ ಮದ್ಯದಂಗಡಿಗಳೆಲ್ಲ ಬಂದ್. ಇಡೀ ರಾಜ್ಯಕ್ಕೇ ಸರ್ಕಾರ ಒಂದೇ ರಾತ್ರಿಯಲ್ಲಿ ಆಣೆ ಇಡಿಸಿದ ಹಾಗಾಯ್ತು. ಆಗ ಎರಡು ಸಂಗತಿ ಕಂಡವು. ನಮ್ಮೂರುಗಳಲ್ಲಿ ಎಷ್ಟೋ ಜನ ಅಷ್ಟು ದಿನ ಏನೂ ಆಗದೆ ಇದ್ದರು, ಮುಖದಲ್ಲಿ ಕಳೆ ಬಂತು, ಮನೆಯಲ್ಲಿ ನಾಲ್ಕು ಕಾಸು ಉಳಿಯಿತು. ಇನ್ನೊಂದು ಕಡೆ ಬೆಂಗಳೂರಿನ ಆಸ್ಪತ್ರೆಗಳಿಗೆ ಕುಡಿತ ನಿಂತು ಫಿಟ್ಸು, ಭ್ರಮೆ ಹಿಡಿದು ಬಂದವರ ಸಂಖ್ಯೆ ದಿನಕ್ಕೆ ಸರಾಸರಿ 4 ಇದ್ದದ್ದು 8 ಆಯಿತೆಂದು ಅಲ್ಲಿನ ವೈದ್ಯರೇ ಲೆಕ್ಕ ಬರೆದಿಟ್ಟಿದ್ದಾರೆ. ಒಂದೇ ಬಂದ್, ಎರಡು ಥರದ ಜನ. ನಾವು ಕೇಳಬೇಕಾದ ಪ್ರಶ್ನೆ ಇಷ್ಟೇ: ನಾನು ಯಾವ ಥರದವನು?

ಅದನ್ನು ತಿಳಿಯೋದು ಕಷ್ಟವಿಲ್ಲ. ಬೆಳಿಗ್ಗೆ ಕೈ ನಡುಗುತ್ತದಾ? ನಡುಕ ನಿಲ್ಲಿಸಲಿಕ್ಕೇ ಕುಡಿಯಬೇಕಾಗುತ್ತದಾ? ಹಿಂದೆ ಎಂದಾದರೂ ಬಿಟ್ಟಾಗ ಫಿಟ್ಸ್ ಬಂದಿತ್ತಾ, ಇಲ್ಲದ್ದು ಕಂಡಿತ್ತಾ? ಕಾಮಾಲೆ, ರಕ್ತವಾಂತಿ, ಹೃದಯದ ತೊಂದರೆ, ಸಕ್ಕರೆ ಕಾಯಿಲೆ ಇದೆಯಾ? ಸಾಯೋ ಮಾತು ಆಡ್ತಾನಾ? ಇದರಲ್ಲಿ ಒಂದಕ್ಕೆ ‘ಹೌದು’ ಅಂತ ಬಂದರೂ ಮನೆಯಲ್ಲಿ ಹಠ ಹಿಡಿದು ಬಿಡುವ ಸಾಹಸ ಬೇಡ. ಮೊದಲು ಡಾಕ್ಟರು. ಅಲ್ಲಿಯ ತನಕ ಫಕ್ಕನೆ ನಿಲ್ಲಿಸುವುದೂ ಬೇಡ. ಕುಡಿತ ಬಿಡಿಸುವ ಲೇಖನದಲ್ಲಿ ಹೀಗೆ ಬರೆದಿದ್ದಾರಲ್ಲ ಅಂತ ಯಾರಾದರೂ ಬೈದರೆ ಬೈಯಲಿ, ಜೀವ ದೊಡ್ಡದು.

ಇದ್ಯಾವುದೂ ಇಲ್ಲದವನು ಸ್ವಂತ ಬಲದ ಮೇಲೆ ಬಿಡಬಹುದು, ಬಿಟ್ಟವರೂ ಇದ್ದಾರೆ. ಅಮೆರಿಕಾದಲ್ಲಿ 2001-02ರಲ್ಲಿ 43,000 ಜನರನ್ನು ಮಾತಾಡಿಸಿದ ಒಂದು ದೊಡ್ಡ ಸರ್ಕಾರಿ ಸಮೀಕ್ಷೆ ನಡೆಯಿತು. ಹಿಂದೆ ಮದ್ಯಕ್ಕೆ ಪೂರಾ ಅಂಟಿಕೊಂಡಿದ್ದವರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಜನ ಅಷ್ಟರಲ್ಲಿ ಪೂರ್ತಿ ಹೊರಬಂದಿದ್ದರು. ಚಿಕಿತ್ಸೆ ಅಂತ ಯಾವತ್ತಾದರೂ ಪಡೆದವರು ನಾಲ್ಕರಲ್ಲೊಬ್ಬರು ಮಾತ್ರ. ಆದ್ದರಿಂದ ‘ಆಸ್ಪತ್ರೆ ಇಲ್ಲದೆ ಯಾರೂ ಬಿಡಲಾರರು’ ಅನ್ನೋದು ಸುಳ್ಳು. ನಮ್ಮಲ್ಲೇ ನೋಡಿ. ಅಯ್ಯಪ್ಪನ ಮಾಲೆ ಹಾಕಿ 41 ದಿನ ಒಂದು ತೊಟ್ಟು ಮುಟ್ಟದವರು ಎಷ್ಟಿಲ್ಲ? ಮಾಲೆ ತೆಗೆದ ಮರುದಿನ ಅದೇ ಅಂಗಡಿ ಮುಂದೆ ನಿಲ್ತಾರೆ ಅಂತ ನಾವು ನಗ್ತೇವೆ. ನಗೋ ಮುಂಚೆ ಸ್ವಲ್ಪ ಯೋಚಿಸಿ. ಅವನಿಗೆ ಶಕ್ತಿ ಇದೆ ಅಂತ 41 ದಿನ ತೋರಿಸಿದ್ದಾನೆ. 42ನೇ ದಿನಕ್ಕೆ ಊರಿನಲ್ಲಿ ಯಾವ ವ್ಯವಸ್ಥೆಯೂ ಇಲ್ಲ, ಅಷ್ಟೇ. ಮಾಲೆ ಇರುವಾಗ ‘ಸ್ವಾಮಿ’ ಅಂತ ಕರೆದವರೇ ಮಾಲೆ ಇಳಿದ ಕೂಡಲೇ ‘ಬಾ ಮಾರಾಯ, ಒಂದು ಹಾಕು’ ಅಂತಾರೆ.

ಹಾಗಾದರೆ ಡಾಕ್ಟರು ಮಾಡೋದೇನು? ಮಾಟ ಮಂತ್ರ ಏನಿಲ್ಲ. ಆ ಎಕ್ಸಲೇಟರನ್ನು ನಿಧಾನಕ್ಕೆ ಇಳಿಸುವ ಮಾತ್ರೆಗಳಿವೆ. ಒಂದು ವಾರ, ಹೆಚ್ಚೆಂದರೆ ಹತ್ತು ದಿನ, ದಿನಕ್ಕಿಷ್ಟು ಕಡಿಮೆ ಮಾಡುತ್ತಾ ಕೊಟ್ಟು ನಿಲ್ಲಿಸುತ್ತಾರೆ. ಅವು ಅಂಗಡಿಯಿಂದ ತಂದು ನಾವೇ ನುಂಗುವಂಥವಲ್ಲ, ಅವೂ ಚಟ ಹಿಡಿಸುತ್ತವೆ, ಮದ್ಯದ ಜೊತೆ ಸೇರಿದರೆ ಉಸಿರನ್ನೇ ಕಟ್ಟಿಸುತ್ತವೆ. ಜೊತೆಗೆ ಬಿ1 ಜೀವಸತ್ವದ ಇಂಜೆಕ್ಷನ್. ಇದನ್ನು ಗಟ್ಟಿಯಾಗಿ ನೆನಪಿಡಿ. ವರ್ಷಗಟ್ಟಲೆ ಕುಡಿದವನ ಮೈಯಲ್ಲಿ ಬಿ1 ಬತ್ತಿರುತ್ತದೆ. ಸುಸ್ತಾಗಿದ್ದಾನೆ ಅಂತ ಊರ ಹತ್ತಿರದವರ ಕೈಲಿ ಬರೇ ಗ್ಲೂಕೋಸು ಹಾಕಿಸುತ್ತೇವಲ್ಲ, ಬಿ1 ಕೊಡದೆ ಗ್ಲೂಕೋಸು ಏರಿಸಿದರೆ ಇದ್ದಬದ್ದ ಬಿ1 ಕೂಡ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು. ನಡಿಗೆ ತೂರಾಡಿ, ಕಣ್ಣು ಹೊರಳಿ, ಆಮೇಲೆ ನೆನಪೇ ಹೋದವರಿದ್ದಾರೆ. ಗ್ಲೂಕೋಸಿಗೆ ಮುಂಚೆ ಬಿ1 ಕೊಡಿ ಅಂತ ಬಾಯಿಬಿಟ್ಟು ಕೇಳಿ. ನಾಚಿಕೆ ಬೇಡ.

ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಕಂಡದ್ದು ನಿಮಗೆಲ್ಲ ಗೊತ್ತು. ಕಾಡಿಗೆ ಹೋಗಿ ಬಂದವನಿಗೆ ಜ್ವರ ಏರಿದರೆ ‘ಮನಸ್ಸು ಗಟ್ಟಿ ಮಾಡು, ಹೋಗ್ತದೆ’ ಅಂತ ಯಾರಾದರೂ ಹೇಳ್ತಾರಾ? ಗಾಡಿ ಮಾಡಿಕೊಂಡು ಓಡ್ತೇವೆ. ಕುಡಿತದ ವಿಷಯದಲ್ಲಿ ಮಾತ್ರ ಮರ್ಯಾದೆ ಅಡ್ಡ ಬರುತ್ತದೆ. ಅದರಲ್ಲೂ ನಾಲ್ಕು ಎಕರೆ ಇದ್ದವನಿಗೆ ಜಾಸ್ತಿ. ಕೂಲಿಯವನು ಆಸ್ಪತ್ರೆಗೆ ಹೋದರೆ ಸುದ್ದಿ ಅಲ್ಲ, ಪಟೇಲರ ಮನೆಯವರು ಹೋದರೆ ಸುದ್ದಿ. ಹಾಗಾಗಿ ದೊಡ್ಡ ಮನೆಗಳವರು ಮನೆಯೊಳಗೇ ಸಾಯ್ತಾರೆ. ದೆಹಲಿಯ ಏಮ್ಸ್ ಆಸ್ಪತ್ರೆ ಕೇಂದ್ರ ಸರ್ಕಾರಕ್ಕೆ ಮಾಡಿಕೊಟ್ಟು 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯಕ್ಕೆ ಅಂಟಿಕೊಂಡವರಲ್ಲಿ 38 ಜನಕ್ಕೆ ಒಬ್ಬನಿಗೆ ಮಾತ್ರ ಏನೋ ಒಂದು ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ದಾಖಲಾಗಿ ಪಡೆದವನು 180ಕ್ಕೆ ಒಬ್ಬ.

ಗಂಡ ಒಪ್ಪುವುದಿಲ್ಲ ಅಂತ ಮನೆಯವರು ಹುಡುಕುವ ಒಳದಾರಿ ಒಂದಿದೆ. ಬಸ್ಸಿನ ಹಿಂದೆ, ಗೋಡೆಯ ಮೇಲೆ ಬರೆದಿರುತ್ತದೆ: ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಿ.’ ತಾಯಂದಿರೇ, ದಯವಿಟ್ಟು ಆ ಪುಡಿಯನ್ನು ಸಾರಿಗೆ ಬೆರೆಸಬೇಡಿ. ಅದರಲ್ಲಿ ಏನಿದೆ ಅಂತ ಹೇಳುವವರಿಲ್ಲ. ಡೈಸಲ್ಫಿರಾಮ್ ಅಂತ ಒಂದು ಔಷಧಿ 1948ರಿಂದ ಬಳಕೆಯಲ್ಲಿದೆ. ಅದನ್ನು ತಿಂದವನು ಕುಡಿದರೆ ಮುಖ ಕೆಂಡವಾಗಿ, ಎದೆ ಬಡಿದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿದು ಬೀಳುತ್ತಾನೆ. ತಿಳಿದು, ಒಪ್ಪಿ, ಡಾಕ್ಟರ ಕಣ್ಣಳತೆಯಲ್ಲಿ ತೆಗೆದುಕೊಂಡವನಿಗೆ ಅದು ಬೇಲಿ. ತಿಳಿಯದೆ ತಿಂದು ಕುಡಿದವನಿಗೆ ಅದು ವಿಷ.

ಇನ್ನೊಂದು ಎಚ್ಚರಿಕೆ. ಪೇಟೆಗಳಲ್ಲಿ ‘ವ್ಯಸನಮುಕ್ತಿ ಕೇಂದ್ರ’ ಎಂಬ ಬೋರ್ಡುಗಳು ಬಹಳ ಎದ್ದಿವೆ. ಒಳ್ಳೆಯವೂ ಇವೆ, ಕೂಡಿಹಾಕಿ ಹೊಡೆಯುವಂಥವೂ ಇವೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಮದ್ಯದ ಚಟವನ್ನೂ ಒಳಗೊಳ್ಳುತ್ತದೆ. ಇಂಥ ಕೇಂದ್ರ ನೋಂದಣಿ ಆಗಿರಬೇಕು, ಸರಪಳಿ ಹಾಕುವಂತಿಲ್ಲ, ಒಪ್ಪದವನನ್ನು ದಾಖಲು ಮಾಡಲು ಕಾನೂನು ಹೇಳಿದ ಕ್ರಮ ಬಿಟ್ಟು ಬೇರೆ ದಾರಿ ಇಲ್ಲ. ಸೇರಿಸುವ ಮುಂಚೆ ನೋಂದಣಿ ಪತ್ರ ತೋರಿಸಿ ಅನ್ನಿ, ಡಾಕ್ಟರು ದಿನಾ ಬರ್ತಾರಾ ಕೇಳಿ, ಮನೆಯವರು ನೋಡಲು ಬಿಡ್ತೀರಾ ಕೇಳಿ. ಈ ಮೂರಕ್ಕೆ ತಡವರಿಸಿದರೆ ಹಿಂದಿರುಗಿ ಬನ್ನಿ. ಮುಖ್ಯವಾಗಿ, ಅಂಥ ಕಡೆ ಕಟ್ಟಲಿಕ್ಕೆ ತೋಟ ಆಧಾರ ಮಾಡಬೇಡಿ, ಕೈಗಡದವನ ಹತ್ತಿರ ಹೋಗಬೇಡಿ. ಕುಡಿತದ ಸಾಲದ ಮೇಲೆ ಬಿಡಿಸಿದ ಸಾಲ ಬೇರೆ ಬೇಕಾ? ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ತಾಲೂಕು ಆಸ್ಪತ್ರೆಗಳಲ್ಲಿ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಮಂಗಳವಾರದ ಕ್ಲಿನಿಕ್ ಅಂತ ಸರ್ಕಾರ ಮಾಡಿದೆ. ಹುಲಿಕಲ್ಲಿಂದ ಬಸ್ಸು ಹತ್ತುವ ಮುಂಚೆ ಆ ವಾರ ಮನೋವೈದ್ಯರು ಬರ್ತಾರೋ ಅಂತ ವಿಚಾರಿಸಿಕೊಳ್ಳಿ. ಘಟ್ಟ ಇಳಿದರೆ ಉಡುಪಿ, ಮಣಿಪಾಲ ಇವೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ವ್ಯಸನಕ್ಕೆಂದೇ ಪ್ರತ್ಯೇಕ ಕೇಂದ್ರ ಇದೆ. ಎಲ್ಲಿಗೆ ಹೋಗೋದು ಅಂತ ತಿಳಿಯದಿದ್ದರೆ 14416 ನಂಬರಿಗೆ ಫೋನು ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ‘ಟೆಲಿ ಮಾನಸ್’, ಕನ್ನಡದಲ್ಲೇ ಮಾತಾಡುತ್ತಾರೆ, ಕಾಸಿಲ್ಲ.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರ ಮಾಡ್ತಾರೆ. ಅದರಿಂದ ಬಿಟ್ಟವರನ್ನು ನಾವೂ ಕಂಡಿದ್ದೇವೆ. ಅದರ ಬಲ ಇರೋದು ಎಂಟು ದಿನದಲ್ಲಿ ಅಲ್ಲ, ಆಮೇಲೆ ಬಿಟ್ಟವರೆಲ್ಲ ಸೇರುವ ನವಜೀವನ ಸಮಿತಿಯಲ್ಲಿ. ಬೆಳಿಗ್ಗೆ ನಡುಗುವವನು ಇಂಥ ಶಿಬಿರಕ್ಕೆ ಹೋಗುವ ಮುಂಚೆ ಡಾಕ್ಟರಿಗೆ ತೋರಿಸಿಕೊಂಡು ಹೋಗಲಿ ಅಂತಷ್ಟೇ ನಮ್ಮ ಮಾತು.

ಯಾಕೆಂದರೆ ಆಸ್ಪತ್ರೆಯೂ ಕೊಡುವುದು ಮೊದಲ ವಾರವನ್ನು ಮಾತ್ರ. ಆಮೇಲಿನ ವರ್ಷಗಳನ್ನು ಅವನೇ ಉಳಬೇಕು. ಆಸೆ ತಗ್ಗಿಸುವ ಮಾತ್ರೆಗಳಿವೆ, ನೆರವಾಗುತ್ತವೆ. ಆದರೂ ಸಂಜೆ ಆರು ಗಂಟೆಗೆ ಅಂಗಡಿಯ ದಾರಿ ಬಿಟ್ಟು ತೋಟದ ದಾರಿ ಹಿಡಿಯುವವನು ಅವನೇ. ಅಲ್ಲಿ ಆಣೆಗೆ ಕೆಲಸ ಇದೆ. 1935ರಲ್ಲಿ ಅಮೆರಿಕಾದಲ್ಲಿ ಇಬ್ಬರು ಕುಡುಕರು, ಒಬ್ಬ ಷೇರು ದಲ್ಲಾಳಿ, ಇನ್ನೊಬ್ಬ ಸ್ವತಃ ಡಾಕ್ಟರು, ಒಬ್ಬರ ಕಷ್ಟ ಒಬ್ಬರು ಕೇಳುತ್ತಾ ಬಿಟ್ಟರು. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘ ಹುಟ್ಟಿದ್ದು ಹಾಗೆ. ನಮ್ಮ ಪಕ್ಕದ ಗೋವೆಯಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಡಾಕ್ಟರಲ್ಲದ, ತರಬೇತಿ ಪಡೆದ ಊರಿನವರೇ ಕುಡಿಯುವವನ ಜೊತೆ ಹೆಚ್ಚೆಂದರೆ ನಾಲ್ಕು ಸಲ ಕೂತು ಮಾತಾಡಿದರು. ವರ್ಷದ ಕೊನೆಗೆ ನೋಡಿದರೆ, ಹೀಗೆ ಮಾತಾಡಿಸಿಕೊಂಡವರಲ್ಲಿ ನೂರಕ್ಕೆ 54 ಜನರ ಕುಡಿತ ಅಪಾಯದ ಗೆರೆಯಿಂದ ಕೆಳಗಿಳಿದಿತ್ತು, ಉಳಿದವರಲ್ಲಿ ನೂರಕ್ಕೆ 32. ಪೂರಾ ಅಂಟಿಕೊಂಡವರ ಮೇಲೆ ಮಾಡಿದ್ದಲ್ಲ ಅದು, ಅತಿಯಾಗಿ ಕುಡಿಯುವ ಹಾದಿಯಲ್ಲಿದ್ದವರ ಮೇಲೆ ಮಾಡಿದ್ದು. ಅಂಥವರೇ ನಮ್ಮಲ್ಲಿ ಹೆಚ್ಚು.

ಬಿಟ್ಟವನು ಮತ್ತೆ ಕುಡಿದ ಅಂದ ಕೂಡಲೇ ‘ಆಸ್ಪತ್ರೆಗೆ ಹಾಕಿದ ದುಡ್ಡು ದಂಡ’ ಅಂತೇವೆ. ಬೋರ್ಡೋ ದ್ರಾವಣ ಮಳೆ ಹಿಡಿಯುವ ಮುಂಚೆ ಒಂದು ಸಲ ಹೊಡೀತೇವೆ, ನಲವತ್ತು ದಿನ ಬಿಟ್ಟು ಮತ್ತೆ ಹೊಡೀತೇವೆ, ಮಳೆ ಬಿಡದಿದ್ದರೆ ಮೂರನೇ ಸಲವೂ ಹೊಡೀತೇವೆ. ಮೊದಲನೇದು ದಂಡ ಅಂತ ಯಾರೂ ಅನ್ನೋದಿಲ್ಲ.

ಸರ್ಕಾರಕ್ಕೂ ಎರಡು ಮಾತು. 2007ರ ಜುಲೈ 1ರಂದು ಸಾರಾಯಿ ನಿಲ್ಲಿಸಿದಿರಿ, ಸಂತೋಷ. ಪ್ಯಾಕೆಟ್ ಹೋಯ್ತು, ಬಾಟಲಿ ಬಂತು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ಬರಬೇಕು ಅಂತ ಗುರಿ ಇಟ್ಟಿರಿ. ನಮ್ಮ ಬೆಳೆಗೆ ಬೆಲೆ ನಿಗದಿ ಮಾಡಲು ಬಾರದ ಸರ್ಕಾರಕ್ಕೆ ನಾವು ಎಷ್ಟು ಕುಡಿಯಬೇಕು ಅಂತ ನಿಗದಿ ಮಾಡಲು ಬರುತ್ತದೆ! ಇರಲಿ. ಆ ಹಣದಲ್ಲಿ ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಇದಕ್ಕೆಂದೇ ಹತ್ತು ಹಾಸಿಗೆ, ವಾರವಿಡೀ ಇರುವ ಒಬ್ಬ ಮನೋವೈದ್ಯ ಕೇಳೋದು ಭಿಕ್ಷೆಯಲ್ಲ. ನಮ್ಮದೇ ದುಡ್ಡು ಅದು.

ಸರ್ಕಾರವನ್ನು ಬೈದದ್ದಾಯ್ತು, ಈಗ ನಮ್ಮ ಪಾಲು. ಕೊನೆ ಕೊಯ್ಲಿನ ದಿನ ಸಂಜೆ ಬಟವಾಡೆಯ ಜೊತೆ ಕ್ವಾರ್ಟರ್ ಕೊಡುವವರು ಯಾರು? ನಾವೇ. ಔಷಧಿ ಹೊಡೆಯಲು ಆಳು ಸಿಗೋದಿಲ್ಲ ಅಂತ ಬೆಳಿಗ್ಗೆಯೇ ಬಾಟಲಿ ತೋರಿಸಿ ಕರೆಯುವವರು ಯಾರು? ಅದೂ ನಾವೇ. ಆ ಮನುಷ್ಯ ಐವತ್ತು ಅಡಿ ಎತ್ತರದ ಅಡಿಕೆ ಮರದ ತುದಿಯಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ಜೀಕುವವನು. ಕುಡಿದು ಹತ್ತಿದರೂ ಅಪಾಯ. ದಿನಾ ಕುಡಿಯುವವನು ಅವತ್ತು ಸಿಗದೆ ಹತ್ತಿದರೆ ಮರದ ಮೇಲೆ ಫಿಟ್ಸ್ ಬರಬಹುದು. ಕೂಲಿ ಹೆಚ್ಚಿಗೆ ಕೊಡಿ, ನೋಟಿನಲ್ಲಿ ಕೊಡಿ.

‘ಕೊಯ್ಲು ಮುಗೀಲಿ, ಆಮೇಲೆ ಹೋಗ್ತೇನೆ’ ಅಂತ ಕುಡಿಯುವವನು ಹೇಳುವುದು ನೆಪ ಇರಬಹುದು. ಆದರೆ ಪೂರಾ ನೆಪವೂ ಅಲ್ಲ. ಹತ್ತು ದಿನ ಶಿವಮೊಗ್ಗದಲ್ಲಿ ಮಲಗಿದರೆ ಮನೆಯಲ್ಲಿ ಹಾಲು ಕರೆಯುವವರು ಯಾರು, ಬೇಯಿಸಿದ ಅಡಿಕೆ ಒಣಗಿಸುವವರು ಯಾರು, ಜೊತೆಗೆ ಹೆಂಡತಿಯೂ ಆಸ್ಪತ್ರೆಯಲ್ಲಿದ್ದರೆ ಮಕ್ಕಳಿಗೆ ಅನ್ನ ಯಾರು ಹಾಕುತ್ತಾರೆ? ನಾಟಿಗೆ ಮುಯ್ಯಾಳು ಇದೆ, ಹೊದಿಕೆಗೆ ಮುಯ್ಯಾಳು ಇತ್ತು. ಇದಕ್ಕೂ ಮಾಡೋಣ. ಪ್ರತಿ ಗ್ರಾಮ ಘಟಕದವರು ಮುಂದಿನ ಸಭೆಗೆ ಬರುವಾಗ ಹತ್ತು ಜನರ ಹೆಸರು ಬರೆದು ತನ್ನಿ: ಆಸ್ಪತ್ರೆಗೆ ಹೋದವನ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ದಿನ ಆಳಾಗುವವರು. ರಾತ್ರಿ ಕರೆದರೂ ಘಾಟಿ ರಸ್ತೆಯಲ್ಲಿ ಬರುವ ಒಂದು ಜೀಪಿನವನ ಹೆಸರೂ ಇರಲಿ. ಹೋಗುವವನ ಹೆಸರು ಮಾತ್ರ ಪಟ್ಟಿಯಲ್ಲಿ ಬರೆಯೋದು ಬೇಡ. ಅದು ಅವನ ಮನೆಯವರಿಗೆ ಮತ್ತು ಆ ಹತ್ತು ಜನಕ್ಕೆ ಗೊತ್ತಿದ್ದರೆ ಸಾಕು. ಈ ಬರುವ ಮಳೆಗಾಲಕ್ಕೆ ಮುಂಚೆಯೇ ಪಟ್ಟಿ ಆಗಲಿ, ಹುಲಿಕಲ್ಲಿನಿಂದಲೇ ಶುರುವಾಗಲಿ.